ನಮ್ಮೊಂದಿಗೆ ಇನ್ನಿಲ್ಲ

ತಲುಪದ ಮೇಲ್‌ಗಳನ್ನು ಹಿಂದಿರುಗಿಸುವಾಗ ಸರ್ವರ್ ಕಳಿಸುತ್ತಿದ್ದ ಒಣ ಇಂಗ್ಲಿಷ್ ಒಕ್ಕಣೆಯನ್ನು ಕನ್ನಡಕ್ಕೆ ತರುವ ಹುಕಿ ಮ್ಯಾನೇಜರಿಗೆ ಬಂತು. ಬೀಳ್ಕೊಡುಗೆಗಳಲ್ಲಿ ಪ್ರಾಸ ಕಟ್ಟಿ ಕೊರೆಯುತ್ತಿದ್ದ ಈ ಮಹಾಶಯನಿಗೆ ಕಚೇರಿಯವರು ಬೆನ್ನ ಹಿಂದೆ ಇಟ್ಟ ಹೆಸರು ಕವಿಪುಂಗವ. ಸರ್ವರ್ ನೋಡಿಕೊಳ್ಳುವವಳ ಮೇಜಿಗೆ ಚೀಟಿ ತಂದು ತಾನೇ ಗಟ್ಟಿಯಾಗಿ ಓದಿದ.

“ತಾವು ಅರಸುತ್ತಿರುವವರು ನಮ್ಮೊಂದಿಗೆ ಇನ್ನಿಲ್ಲ. ತಮ್ಮ ಪತ್ರವನ್ನು ಭಾರವಾದ ಮನಸ್ಸಿನಿಂದ ಹಿಂದಿರುಗಿಸುತ್ತಿದ್ದೇವೆ.”

“ಸರ್, ಇನ್ನಿಲ್ಲ ಅಂದ್ರೆ ಸತ್ತಿದಾರೆ ಅಂತ ಆಗುತ್ತೆ.”

“ನಿನಗೆ ಮೆಷಿನ್ ಗೊತ್ತು, ಭಾಷೆ ನನಗೆ ಬಿಡಮ್ಮ. ಅಂದ ಹಾಗೆ, ನಿನ್ನ ಕೆಲಸ ಕಾಯಂ ಮಾಡೋ ಕಾಗದಕ್ಕೆ ನಾನಿನ್ನೂ ಸಹಿ ಹಾಕಿಲ್ಲ, ಅಲ್ವಾ?”

ಅವಳು ಇನ್ನೊಮ್ಮೆ ಹೇಳಬಹುದಿತ್ತು. ಹೇಳಲಿಲ್ಲ. ಅರ್ಧ ಹೆದರಿಕೆ, ಉಳಿದರ್ಧ, ಈತ ಹತ್ತು ಜನರೆದುರು ಮಣ್ಣು ಮುಕ್ಕಲಿ ಎಂಬ ಆಸೆ. ಒಂದಕ್ಷರ ತಿದ್ದದೆ ಸರ್ವರ್‌ಗೆ ಸೇರಿಸಿ, ಬೇರೆ ಶಾಖೆಗೆ ವರ್ಗವಾಗಿದ್ದ ಉಗ್ರಾಣದವನ ಹಳೆಯ ವಿಳಾಸಕ್ಕೆ ಪರೀಕ್ಷೆಗೆಂದು ಒಂದು ಮೇಲ್ ಹಾಕಿದಳು. ಮರುಕ್ಷಣವೇ ಅದು ಅವನ ಸಾವಿನ ಸುದ್ದಿ ಹೊತ್ತು ವಾಪಸು ಬಂತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮೂರನೆಯ ದಿನ ಬೆಳಿಗ್ಗೆ ಉಗ್ರಾಣದವನ ಅಪ್ಪ ಬಂದ. ಕಿವಿ ಕೇಳಿಸದ ಮುದುಕ. ಫೋನ್ ಉಪಯೋಗವಿಲ್ಲ, ಮೇಲ್ ಒಂದೇ ದಾರಿ. ವರ್ಗವಾದದ್ದನ್ನು ಅಪ್ಪನಿಗೆ ತಿಳಿಸಲು ಮಗನಿಗೆ ಪುರುಸೊತ್ತಾಗಿರಲಿಲ್ಲ. ಅವನೂ ದೊಡ್ಡ ಮನುಷ್ಯನೇ. ಮುದುಕನ ಕೈಯಲ್ಲಿ, ಮಗನಿಗೆ ಹಾಕಿ ಹಿಂದಿರುಗಿದ ಮೇಲ್‌ ಪ್ರಿಂಟ್ ತೆಗೆಸಿದ ಹಾಳೆ, ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ.

“ಯಾವಾಗ ಹೋದ? ನಮಗೆ ಯಾಕೆ ಹೇಳಲಿಲ್ಲ?”

ಕವಿಪುಂಗವ ಮೆಲ್ಲಗೆ ತನ್ನ ಕೋಣೆಯ ಬಾಗಿಲು ಹಾಕಿಕೊಂಡ. ಅವಳು ಹಾಳೆಯ ಹಿಂದೆ ದಪ್ಪಕ್ಷರದಲ್ಲಿ ಬರೆದಳು: ಮಗ ಚೆನ್ನಾಗಿದ್ದಾರೆ. ವರ್ಗ ಆಗಿದೆ, ಅಷ್ಟೇ. ಕೆಳಗೆ ಹೊಸ ವಿಳಾಸ.

ಮುದುಕ ಓದಿದ. ಹಾಳೆ ತಿರುಗಿಸಿ ಮುಂಬದಿಯ ಒಕ್ಕಣೆಯನ್ನೂ ಮತ್ತೊಮ್ಮೆ ಓದಿದ.

“ಇದನ್ನ ಹಾಕಿದೋರು ಯಾರಮ್ಮ?”

ಅವಳ ಬೆರಳು ಮುಚ್ಚಿದ ಬಾಗಿಲಿನತ್ತ ಎದ್ದು, ಅರ್ಧದಲ್ಲೇ ಇಳಿಯಿತು.

ಮುದುಕ ಮೆಟ್ಟಿಲಿಳಿದ ಮೇಲೆಯೇ ಬಾಗಿಲು ತೆರೆದದ್ದು.

“ಹೋದನಾ? ನೋಡು, ‘ಇನ್ನಿಲ್ಲ’ ತೆಗೆದುಬಿಡು. ‘ನಮ್ಮನ್ನು ಅಗಲಿದ್ದಾರೆ’ ಅಂತ ಹಾಕು. ಹೃದಯಕ್ಕೆ ಮುಟ್ಟುತ್ತೆ.”

“ಆಗಲೇ ಬದಲಾಯಿಸಿದೆ ಸರ್.”

ಅವನು ಬಗ್ಗಿ ಪರದೆ ನೋಡಿದ. ಈ ವಿಳಾಸ ಬಳಕೆಯಲ್ಲಿಲ್ಲ. ಕಚೇರಿಯಲ್ಲಿ ವಿಚಾರಿಸಿ.

“ಇದೇನಿದು, ಬಸ್ ನಿಲ್ದಾಣದ ಬೋರ್ಡು! ಯಾರನ್ನ ಕೇಳಿ ಹಾಕಿದೆ? ಆ ಸಹಿ ಬೇಡವಾ ನಿನಗೆ?”

ಅವಳು ಚೀಲಕ್ಕೆ ನೀರಿನ ಬಾಟಲಿ ಹಾಕಿಕೊಂಡಳು.

“ನಾನೂ ನಿಮ್ಮೊಂದಿಗೆ ಇನ್ನಿಲ್ಲ ಅಂತ ಬರೆದುಬಿಡಿ ಸರ್. ಭಾಷೆ ನಿಮಗೆ ಬಿಟ್ಟಿದೀನಿ.”