ಅಣ್ಣ ನುಂಗಿದ ಅಕ್ಷರ

ನನ್ನ ಕೆಂಪು ಪೆನ್ನಿಗೆ ಹೆದರದವರು ಶಿವಮೊಗ್ಗದಲ್ಲಿ ಕಮ್ಮಿ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ರಿಟೈರ್ ಆದೆ. ಸುಮ್ಮನೆ ಕೂರೋ ಜಾಯಮಾನ ಅಲ್ಲವಲ್ಲ, ವಿನೋಬನಗರದ ಮನೆಯ ಮುಂದಿನ ರೂಮಿನಲ್ಲೇ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಶುರುಮಾಡಿದೆ. ಶನಿವಾರ, ಭಾನುವಾರ, ಮಧ್ಯಾಹ್ನ ಎರಡರಿಂದ ನಾಲ್ಕು. ಬೋರ್ಡಿನಲ್ಲಿ ‘ಜಯಾ ಮೇಡಂ’ ಅಂತ ಬರೆಸಿದ್ದೇನೆ. ಬೆನ್ನ ಹಿಂದೆ ‘ಜೋರು ಮೇಡಂ’ ಅಂತಾರೆ, ಗೊತ್ತು. ಅನ್ನಲಿ ಬಿಡಿ.

ಲಿಂಗಮ್ಮ ಬರುತ್ತಿದ್ದದ್ದು ಭದ್ರಾವತಿಯಿಂದ, ಬಸ್ಸಿನಲ್ಲಿ. ನಲವತ್ತರ ಹೆಂಗಸು. ಅಲ್ಲಿ ಒಂದು ಮೆಸ್ಸಿನಲ್ಲಿ ಅಡಿಗೆ ಕೆಲಸ. ಹದಿನೈದು ವರ್ಷದಿಂದ ಮಗಳು ಕವನಾಳ ಜೊತೆ ಅಣ್ಣ ಷಣ್ಮುಖಪ್ಪನ ಮನೆಯ ಹಾಲ್‌ನಲ್ಲಿ ಮಲಗಿ ಎದ್ದು ಬದುಕಿದವಳು. ಗಾಜನೂರು ರಸ್ತೆಯ ಒಂದು ವಸತಿ ಶಾಲೆಯಲ್ಲಿ ಹುಡುಗಿಯರ ಹಾಸ್ಟೆಲಿಗೆ ಮೇಟ್ರನ್ ಬೇಕಾಗಿತ್ತು. ಕೆಲಸದ ಜೊತೆ ಎರಡು ರೂಮಿನ ಕ್ವಾರ್ಟರ್ಸ್. ಆದರೆ ಇಂಟರ್‌ವ್ಯೂ ಇಂಗ್ಲಿಷಿನಲ್ಲಿ.

“ಕೆಲಸಕ್ಕಿಂತ ಆ ಕ್ವಾರ್ಟರ್ಸ್ ಬೇಕು ಮೇಡಂ. ನನ್ನ ಮಗಳು ಒಂದು ದಿನ ಬಾಗಿಲು ಹಾಕ್ಕೊಂಡು ಓದಬೇಕು,” ಅಂದಿದ್ದಳು ಮೊದಲ ದಿನವೇ.

ಮೂರನೇ ವಾರದ ಪಾಠ, ಒಬ್ಬ ಮನುಷ್ಯನನ್ನು ಅವನು ಹಿಂದೆ ಮಾಡಿದ ಕೆಲಸದಿಂದ ಗುರುತಿಸುವುದು. ಕನ್ನಡದಲ್ಲಿ ಇದು ಸಲೀಸು. ಬೈಕ್ ರಿಪೇರಿ ಮಾಡಿದ ಹುಡುಗ, ಹಾಲು ತಂದ ಹೆಂಗಸು. ಮಾಡಿದ್ದು ಮೊದಲು, ಮನುಷ್ಯ ಆಮೇಲೆ. ಇಂಗ್ಲಿಷಿನಲ್ಲಿ ತಿರುಗಾಮುರುಗ. ಮನುಷ್ಯ ಮೊದಲು, ನಡುವೆ ಒಂದು ‘ಹೂ’, ಆಮೇಲೆ ಅವನು ಮಾಡಿದ್ದು. ‘ದ ಬಾಯ್ ಹೂ ರಿಪೇರ್ಡ್ ದ ಬೈಕ್.’ ಮಾಡಿದವರಿಗೆ ‘ಹೂ’. ಇನ್ನೊಬ್ಬರು ಮಾಡಿದ್ದನ್ನು ಅನುಭವಿಸಿದವರಿಗೆ ‘ಹೂಮ್’. ‘ದ ಬಾಯ್ ಹೂಮ್ ದ ಪೊಲೀಸ್ ಕಾಟ್’, ಪೊಲೀಸರು ಹಿಡಿದ ಹುಡುಗ.

“ಎರಡೂ ಒಂದೇ ಥರ ಕೇಳುತ್ತಲ್ಲ ಮೇಡಂ,” ಅಂದ ಗ್ಯಾರೇಜಿನ ನದೀಮ್.

“ನಿನ್ನ ಕಿವಿಗೆ ಗ್ರೀಸ್ ಹೋಗಿದೆ. ಹೀಗೆ ನೆನಪಿಟ್ಕೋ. ಹೂಮ್ ಅಂದ್ರೆ ಹೂಂ ಅಂತ ಸಹಿಸಿಕೊಂಡವರು.”

ಎಲ್ಲರೂ ನಕ್ಕರು. ಲಿಂಗಮ್ಮ ನಗಲಿಲ್ಲ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ನಿಮ್ಮ ಬಗ್ಗೆ ಹೀಗೇ ಒಂದು ವಾಕ್ಯ ಬರೆಯಿರಿ ಅಂದೆ. ನದೀಮ್ ‘ನನ್ನ ಬೈಕನ್ನು ನಾನೇ ಕೆಡಿಸಿದವನು’ ಅಂತ ಬರೆದಿದ್ದ. ಲಿಂಗಮ್ಮನ ಪುಸ್ತಕದಲ್ಲಿ ‘ಐ ಆಮ್ ದ ವುಮನ್ ಹೂ ಲೆಫ್ಟ್ ಹರ್ ಹಸ್ಬೆಂಡ್’ ಅಂತಿತ್ತು. ಅವಳು ಗಂಡ ಬಿಟ್ಟವಳು ಅಂತ ಭದ್ರಾವತಿಯಿಂದ ಬರೋ ಎಲ್ಲರೂ ಹೇಳಿದ್ದರು. ಪಾಪ, ಮಾಡಿದವನನ್ನೂ ಅನುಭವಿಸಿದವಳನ್ನೂ ಅದಲುಬದಲು ಮಾಡಿಕೊಂಡಿದ್ದಾಳೆ ಅಂದುಕೊಂಡು ‘ಹೂಮ್ ಹರ್ ಹಸ್ಬೆಂಡ್ ಲೆಫ್ಟ್’ ಅಂತ ಕೆಂಪಿನಲ್ಲಿ ತಿದ್ದಿದೆ. ಮುಂದಿನ ವಾರ ಮತ್ತೆ ಅದೇ ತಪ್ಪು. ಮತ್ತೆ ತಿದ್ದಿದೆ. ಅವಳು ಪುಸ್ತಕ ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಶಾಲೆಗೆ ಅರ್ಜಿಯನ್ನು ನಾನೇ ಟೈಪ್ ಮಾಡಿ ಕಳಿಸಿದೆ. ತಿದ್ದಿದ ವಾಕ್ಯವನ್ನೇ ಹಾಕಿದೆ. ಎಂಟೇ ದಿನಕ್ಕೆ ಆಫೀಸಿನಿಂದ ನನಗೆ ಫೋನ್ ಬಂತು. ‘ಗಂಡ ಕೈಬಿಟ್ಟ ಹೆಣ್ಣುಮಕ್ಕಳು ಅಂದ್ರೆ ನಮ್ಮ ಟ್ರಸ್ಟಿಗಳಿಗೆ ಕರುಣೆ ಜಾಸ್ತಿ, ಸೋಮವಾರ ಕಳಿಸಿ’ ಅಂದರು. ಖುಷಿಯಾಯಿತು ನನಗೆ. ಹಿಂದಿನ ಶನಿವಾರ ಕ್ಲಾಸ್ ಮುಗಿದ ಮೇಲೆ ಅವಳೊಬ್ಬಳನ್ನೇ ಕೂರಿಸಿಕೊಂಡು ಇಂಟರ್‌ವ್ಯೂ ತಾಲೀಮು ಮಾಡಿಸಿದೆ. ಟೆಲ್ ಅಸ್ ಅಬೌಟ್ ಯುವರ್‌ಸೆಲ್ಫ್ ಅಂದೆ.

“ಐ ಆಮ್ ದ ವುಮನ್ ಹೂ ಲೆಫ್ಟ್...”

“ಎಷ್ಟು ಸಲ ತಿದ್ದಬೇಕು ಮಾರಾಯ್ತಿ!” ಟೇಬಲ್ ಕುಟ್ಟಿದೆ. “ಬಿಟ್ಟವನು ಅವನೋ ನೀನೋ?”

“ನಾನೇ ಮೇಡಂ.”

ನಾನು ಟೇಬಲ್ ಮೇಲಿದ್ದ ಕೈ ಹಿಂದಕ್ಕೆ ತೆಗೆದೆ.

“ತಪ್ಪು ಬರೆದಿಲ್ಲ ನಾನು,” ಅಂದಳು ಲಿಂಗಮ್ಮ. “ಕವನಾಗೆ ಎರಡು ವರ್ಷ. ಒಂದು ಮಧ್ಯಾಹ್ನ ಅವಳನ್ನ ಎತ್ಕೊಂಡು ತರೀಕೆರೆಯಿಂದ ಬಸ್ ಹತ್ತಿದೆ. ಅಣ್ಣ ಊರವರ ಹತ್ರ ‘ನಮ್ಮ ಲಿಂಗಿ ಗಂಡ ಬಿಟ್ಟವಳು’ ಅಂದ. ಗಂಡ ಇವಳನ್ನ ಬಿಟ್ಟ ಅಂತ ಎಲ್ಲರೂ ತಿಳ್ಕೊಂಡ್ರು. ಅಣ್ಣ ಸುಳ್ಳು ಹೇಳಲಿಲ್ಲ ಮೇಡಂ. ‘ಗಂಡನ್ನ’ ಅನ್ನೋದರಲ್ಲಿ ‘ನ್ನ’ ನುಂಗಿದ, ಅಷ್ಟೇ. ಗಂಡನ್ನ ಬಿಟ್ಟವಳು ಅಂದ್ರೆ ಮನೆ ಮರ್ಯಾದೆ ಹೋಗುತ್ತಲ್ಲ.”

“ಕವನಾಗೆ ಗೊತ್ತಾ?”

“ಇಲ್ಲ. ಹೆಣ್ಣು ಹುಟ್ಟಿತು ಅಂತ ನಿಮ್ಮಪ್ಪ ಬಿಟ್ಟುಹೋದ ಅಂತ ಅತ್ತಿಗೆ ಅವಳಿಗೆ ಹೇಳಿಬಿಟ್ಟಿದಾರೆ. ತನ್ನಿಂದಲೇ ಹೀಗಾಯ್ತು ಅಂದ್ಕೊಂಡಿದೆ ಮಗು. ಕನ್ನಡದಲ್ಲಿ ಹೇಳೋಣ ಅಂದ್ರೆ ಬಾಯಿ ಬರಲ್ಲ. ನಿಮ್ಮ ಇಂಗ್ಲಿಷಲ್ಲಿ ಬಂತು. ಅದಕ್ಕೂ ಕೆಂಪು ಹಾಕಿದ್ರಿ.”

ನಾನು ಹಾಕಿದ ಕೆಂಪನ್ನು ಅವಳ ಪುಸ್ತಕದಲ್ಲಿ ಇನ್ನೊಮ್ಮೆ ನೋಡಿದೆ. ಆದರೂ ನಾನು ಲೋಕ ಕಂಡವಳು. “ನೋಡು ಲಿಂಗಮ್ಮ, ಅರ್ಜಿಯಲ್ಲಿ ‘ಹೂಮ್’ ಅಂತಲೇ ಹೋಗಿದೆ. ಸೋಮವಾರ ಒಂದು ದಿನ ‘ಹೂಮ್’ ಅಂದುಬಿಡು. ಕ್ವಾರ್ಟರ್ಸ್ ಕೈಗೆ ಬರಲಿ. ಆಮೇಲೆ ಮಗಳಿಗೆ ನಿಧಾನಕ್ಕೆ ಹೇಳಿದ್ರಾಯ್ತು,” ಅಂದೆ.

“ಹೂಂ,” ಅಂದಳು.

ಸೋಮವಾರ ಮೂವರೂ ಹೋದೆವು. ಕವನಾ ಪಿಯುಸಿ ಹುಡುಗಿ, ಸಣಕಲು, ತಲೆ ತಗ್ಗಿಸಿಕೊಂಡೇ ನಡೆಯುವವಳು. ನಾವಿಬ್ಬರೂ ಇಂಟರ್‌ವ್ಯೂ ರೂಮಿನ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತೆವು. ಬಾಗಿಲು ತೆರೆದೇ ಇತ್ತು. ಒಳಗೆ ಪ್ರಿನ್ಸಿಪಾಲ್ ಹರ್ಷವರ್ಧನ, ಪಕ್ಕದಲ್ಲಿ ಟ್ರಸ್ಟಿ ವಿಷ್ಣುಪ್ರಸಾದರು. ಟ್ರಸ್ಟಿಗೆ ವಯಸ್ಸಾಗಿತ್ತು, ಇಂಗ್ಲಿಷ್ ಅಷ್ಟಕ್ಕಷ್ಟೇ.

ಲಿಂಗಮ್ಮ ಹೆಸರು ಹೇಳಿದಳು, ಊರು ಹೇಳಿದಳು, ನೂರು ಜನಕ್ಕೆ ಅಡಿಗೆ ಮಾಡಿದ್ದು ಹೇಳಿದಳು. ಒಂದೂ ತಪ್ಪಿಲ್ಲ. ಆಮೇಲೆ ಒಂದು ಗಳಿಗೆ ನಿಂತು, “ಐ ಆಮ್ ದ ವುಮನ್ ಹೂ ಲೆಫ್ಟ್ ಹರ್ ಹಸ್ಬೆಂಡ್,” ಅಂದಳು.

“ಅಯ್ಯೋ, ಅಮ್ಮ ತಪ್ಪು ಹೇಳಿದ್ರು,” ಅಂತ ಕವನಾ ನನ್ನ ಕೈ ಹಿಡಿದಳು.

“ಏನಂತೆ?” ಅಂತ ವಿಷ್ಣುಪ್ರಸಾದರು ಕೇಳಿದರು.

“ಗಂಡ ಬಿಟ್ಟವರಂತೆ ಸಾರ್,” ಅಂದರು ಪ್ರಿನ್ಸಿಪಾಲರು.

“ಪಾಪ, ಪಾಪ. ಅರ್ಜಿಯಲ್ಲೇ ಓದಿದೆ.”

ಅಲ್ಲಿಗೆ ಮುಗಿಯಬೇಕಿತ್ತು. ಇವಳು ನಿಜ ಹೇಳಿದ ಹಾಗೂ ಆಯ್ತು, ಅವರಿಗೆ ಕರುಣೆ ಬಂದ ಹಾಗೂ ಆಯ್ತು. ಸುಮ್ಮನಿರು ತಾಯಿ, ಸುಮ್ಮನಿರು ಅಂತ ಮನಸ್ಸಿನಲ್ಲೇ ಕೈಮುಗಿದೆ. ಲಿಂಗಮ್ಮ ತಿರುಗಿ ಬಾಗಿಲ ಕಡೆ, ಮಗಳ ಕಡೆ ನೋಡಿದಳು.

“ಗಂಡ ಅಲ್ಲ ಸಾರ್, ಗಂಡನ್ನ. ಗಂಡನ್ನ ಬಿಟ್ಟವಳು ನಾನು. ಅವನು ಬಿಡಲಿಲ್ಲ. ನಾನೇ ಬಿಟ್ಟೆ.”

“ಯಾಕಮ್ಮ?”

“ಹೊಡೀತಿದ್ದ. ನನಗೆ ಹೊಡೆಯೋವಷ್ಟು ದಿನ ಹೂಂ ಅಂತಿದ್ದೆ. ಮಗು ಮೇಲೆ ಕೈ ಎತ್ತಿದ. ಅವತ್ತೇ ಹೊರಟೆ.”

ನನ್ನ ಕೈ ಹಿಡಿದಿದ್ದ ಕವನಾಳ ಬೆರಳು ಬಿಗಿಯಾಯಿತು.

“ಅರ್ಜಿಯಲ್ಲಿ ಬೇರೆ ಥರ ಇದೆಯಲ್ಲ?” ಪ್ರಿನ್ಸಿಪಾಲರು ಕಾಗದ ತಿರುಗಿಸಿದರು.

ನಾನು ಎದ್ದು ಒಳಗೆ ಹೋದೆ. “ಅದು ನನ್ನ ತಪ್ಪು. ಅವಳು ಸರಿಯಾಗೇ ಬರೆದಿದ್ದಳು. ನಾನು ತಿದ್ದಿ ಕೆಡಿಸಿದೆ,” ಅಂದೆ. ಇಷ್ಟು ವರ್ಷದ ಮೇಷ್ಟರಿಕೆಯಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

“ತಿಳಿಸ್ತೀವಿ,” ಅಂದರು.

ಬಸ್ ಸ್ಟಾಪಿಗೆ ನಡೆದು ಬಂದೆವು. ಅಲ್ಲಿ ಕವನಾ ಕೇಳಿದಳು, “ಹಾಗಾದ್ರೆ ನಾನು ಹುಟ್ಟಿದ್ದಕ್ಕೆ ಅಲ್ಲವಾ ಅಮ್ಮ?”

“ನೀನು ಹುಟ್ಟಿದ್ದಕ್ಕೇ ನನಗೆ ಧೈರ್ಯ ಬಂದದ್ದು ಕಣೇ,” ಅಂದಳು ಲಿಂಗಮ್ಮ. ಹುಡುಗಿ ರಸ್ತೆಯಲ್ಲೇ ಅಮ್ಮನ ಹೆಗಲಿಗೆ ಮುಖ ಒತ್ತಿ ಅತ್ತಳು. ನನಗೂ ಅಳು ಬಂತು. ಬಸ್ಸು ಬಂದು ಹೋಯಿತು, ಯಾರೂ ಹತ್ತಲಿಲ್ಲ.

ಕೆಲಸ ಇನ್ಯಾರಿಗೋ ಸಿಕ್ಕಿತು. ಮೂರು ದಿನ ನನಗೆ ಊಟ ಸೇರಲಿಲ್ಲ. ಅವಳು ಇಂಟರ್‌ವ್ಯೂನಲ್ಲಿ ಹೇಳಿದ ಮಾತು ಭದ್ರಾವತಿ ಮುಟ್ಟಿತು, ಷಣ್ಮುಖಪ್ಪ ಮನೆಯಲ್ಲಿ ಕೂಗಾಡಿದನಂತೆ. ತಿಂಗಳೊಳಗೆ ತಾಯಿ ಮಗಳು ಮೆಸ್ಸಿನ ಮಹಡಿಯ ಒಂದು ರೂಮಿಗೆ ಹೋದರು. ಒಂದೇ ರೂಮು, ಆದರೆ ಅದಕ್ಕೊಂದು ಬಾಗಿಲಿದೆ.

“ಈಗ ಅಣ್ಣನ್ನೂ ಬಿಟ್ಟವಳು ಮೇಡಂ ನಾನು,” ಅಂತ ಲಿಂಗಮ್ಮ ಫೋನಿನಲ್ಲಿ ನಕ್ಕಳು. ‘ನ್ನ’ ಮೇಲೆ ಎಷ್ಟು ಒತ್ತು ಅಂತೀರಿ!

ಈಗ ಕ್ಲಾಸಿಗೆ ಕವನಾ ಬರುತ್ತಾಳೆ. ಮೊನ್ನೆ ಅದೇ ಪಾಠ ಬಂತು. ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ತಿರುಗಿಸಿ ಅಂದೆ. ಅವಳ ಪುಸ್ತಕದಲ್ಲಿ ಕನ್ನಡದ ವಾಕ್ಯ ಮಾತ್ರ ಇತ್ತು. ‘ನಾನು ಅಮ್ಮ ಬಿಡದ ಹುಡುಗಿ.’

“ಇಂಗ್ಲಿಷ್ ಎಲ್ಲಿ?” ಗದರಿದೆ. “ಅಮ್ಮ ನಿನ್ನ ಬಿಡಲಿಲ್ಲವೋ, ನೀನು ಅಮ್ಮನ್ನ ಬಿಡಲಿಲ್ಲವೋ? ಹೂ ಹಾಕ್ತೀಯೋ, ಹೂಮ್ ಹಾಕ್ತೀಯೋ?”

ಅವಳು ತಲೆ ಎತ್ತಿ ನನ್ನನ್ನೇ ನೋಡಿದಳು.

“ಎರಡೂ ನಿಜ ಮೇಡಂ. ಅದಕ್ಕೇ ಕನ್ನಡದಲ್ಲೇ ಬಿಟ್ಟೆ.”

ನಾನು ಕೆಂಪು ಪೆನ್ನಿನ ಕ್ಯಾಪ್ ಹಾಕಿ ಪುಸ್ತಕ ವಾಪಸ್ ಕೊಟ್ಟೆ.