ಜೊತೆಮುಳುಗಿ

"ಇನ್ನೂ ಸ್ವಲ್ಪ ಬಿಗಿಯಾಗಿ ಕಟ್ಟೇ. ಹೋದ ಸಲ ನೀರಲ್ಲೇ ಬಿಚ್ಕೊಂಡಿತ್ತು," ಎಂದಳು ಮಿಸಾವೊ.

ನಾದಿನಿ ಹಾತ್ಸುಯೊ ಹಿಂದೆ ಮಂಡಿಯೂರಿ ಕುಳಿತು ಅವಳ ತಲೆಗೆ ಬಿಳಿ ವಸ್ತ್ರ ಸುತ್ತುತ್ತಿದ್ದಳು. "ಬಿಗಿ ಮಾಡಿದ್ರೆ ತಲೆನೋವು ಅಂತೀಯ, ಸಡಿಲ ಬಿಟ್ರೆ ಬಿಚ್ಕೊಳ್ತು ಅಂತೀಯ. ನಿನ್ನ ಸಾಕಿದ ನಮ್ಮಣ್ಣ ಪುಣ್ಯಾತ್ಮ ಅತ್ತಿಗೆ."

"ಅವರನ್ನ ಸಾಕಿದ್ದು ನಾನು. ಬಾಯಿ ಮುಚ್ಕೊಂಡು ಗಂಟು ಹಾಕು."

ಹಾತ್ಸುಯೊ ನಕ್ಕಳು. ಗಂಡನನ್ನು ಸಾಕಲಾರದವಳು ಹೆಂಗಸೇ ಅಲ್ಲ ಎಂಬ ಮಾತಿರುವ ಕರಾವಳಿ ಅದು. ಉಸಿರು ಕಟ್ಟಿ ಕಡಲ ತಳಕ್ಕಿಳಿದು, ಬಂಡೆಗೆ ಕಚ್ಚಿಕೊಂಡಿರುವ ಅವಾಬಿಯನ್ನು ಕಬ್ಬಿಣದ ಮೀಟುಗೋಲಿನಿಂದ ಎಬ್ಬಿಸಿ ತರುವುದು ಅಲ್ಲಿ ಹೆಂಗಸರ ಕೆಲಸ. ಅಂಗೈಗಿಂತ ಅಗಲದ ಒಂದೇ ಚಿಪ್ಪು, ಅದರಡಿ ಗಟ್ಟಿ ಮಾಂಸ, ಅದೇ ಅವಾಬಿ. ಮಿಸಾವೊಳ ಗಂಡ ಬದುಕಿದ್ದಷ್ಟು ಕಾಲ ದೋಣಿಯಲ್ಲಿ ಕೂತು ಅವಳ ಸೊಂಟದ ಹಗ್ಗ ಹಿಡಿದಿದ್ದ. ಅವನು ಹೋದ ಮೇಲೆ ಹಗ್ಗವನ್ನು ಯಾರ ಕೈಗೂ ಕೊಡದೆ, ಅವಳು ದಡದ ಹತ್ತಿರದ ನೀರಲ್ಲೇ ಮುಳುಗುತ್ತಿದ್ದಳು.

ಗುಡಿಸಲ ನಡುವೆ ಬೆಂಕಿ ಉರಿಯುತ್ತಿತ್ತು. ಗೋಡೆಯ ಮೇಲೆ ಇಬ್ಬರ ಕಪ್ಪು ರಬ್ಬರ್ ಅಂಗಿಗಳು ಸುಲಿದ ಚರ್ಮದಂತೆ ಜೋತುಬಿದ್ದಿದ್ದವು. ಮದುವೆಯಾಗಿ ಬಂದ ಹೊಸತರಲ್ಲಿ ಮಿಸಾವೊ ಬಿಳಿ ಹತ್ತಿಬಟ್ಟೆಯಲ್ಲೇ ಮುಳುಗಿದ್ದಳು. ರಬ್ಬರ್ ಅಂಗಿ ಊರಿಗೆ ಬಂದ ದಿನ ಹೆಂಗಸರೆಲ್ಲ ದೇವರ ಮುಂದೆ ಅಕ್ಕಿಯ ಮದ್ಯ ಸಾಕೆಯನ್ನಿಟ್ಟು ಕೈಮುಗಿದಿದ್ದರು. ಈಗ ಪ್ರವಾಸಿಗರಿಗೆ ಬಿಳಿಯೇ ಬೇಕು. ಮೇ ತಿಂಗಳು ಮುಗಿಯುತ್ತ ಬಂದಿದ್ದರೂ ನೀರಿನ ಚಳಿ ಹತ್ತಿಯ ಎಳೆ ಎಳೆ ಹಿಡಿದು ಮೂಳೆಗಿಳಿಯುತ್ತಿತ್ತು. ಎಪ್ಪತ್ತರ ಹೊಸ್ತಿಲಲ್ಲಿದ್ದ ಮೂಳೆಗಳು.

"ಹಾತ್ಸುಯೊ, ಒಂದು ಮಾತು," ಎಂದು ಮಿಸಾವೊ ತಿರುಗಿದಳು. ನಾದಿನಿಯ ಬಲಗಿವಿಗೆ ಹೇಳಬೇಕು; ಎಡಗಿವಿ ನೀರಿನ ಒತ್ತಡಕ್ಕೆ ಹೋಗಿ ಎರಡು ಚಳಿಗಾಲ ಕಳೆದಿತ್ತು. ಇವತ್ತಿಗೆ ಸಾಕು, ಇನ್ನು ನನ್ನ ಕೈಲಾಗದು ಎನ್ನಬೇಕು. ಬೆಳಗ್ಗೆ ಅಕ್ಕಿ ತೊಳೆಯುವಾಗಲೇ ಮಾತನ್ನು ಕೂಡಿಸಿಟ್ಟುಕೊಂಡಿದ್ದಳು.

ಅಷ್ಟರಲ್ಲಿ ಬಾಗಿಲ ಬಿದಿರುತಟ್ಟಿ ಪಕ್ಕಕ್ಕೆ ಸರಿಯಿತು. ಪ್ರವಾಸ ಸಂಸ್ಥೆಯ ಶಿಯೊರಿ, ಗಾಢ ನೀಲಿ ಕೋಟಿನಲ್ಲಿ, ಹೊಸ್ತಿಲ ಹೊರಗೇ ನಿಂತು ಬಾಗಿ ನಮಸ್ಕರಿಸಿದಳು.

"ತೊಂದ್ರೆ ಕೊಡ್ತಾ ಇದೀನಿ ಅಮ್ಮಾ. ಅತಿಥಿಗಳು ದೋಣಿ ಹತ್ತಿದ್ರು."

"ಬೇಗ ಬಂದ್ರಲ್ಲ," ಎಂದಳು ಹಾತ್ಸುಯೊ. "ಎಲ್ಲೆಲ್ಲಿ ತಿರುಗ್ಸಿದ್ರಿ?"

"ಮೊನ್ನೆ ಟೋಕಿಯೊ. ಗೋಡೆ ತುಂಬ ಬೆಳಕು ಹರಿಯೋ ಮ್ಯೂಸಿಯಂ, ರೋಬೋಟ್ ಊಟ ಬಡಿಸೋ ಹೋಟ್ಲು. ನಾಳೆ ಇಸೆ ದೇವಸ್ಥಾನ. ಅವರಿಗೆ ಹೊಸದೂ ಬೇಕು, ಹಳೇದೂ ಬೇಕು."

"ಹಳೇದು ಅಂದ್ರೆ ನಾವು ಕಣೇ ಅತ್ತಿಗೆ. ನೆಟ್ಟಗೆ ಕೂತ್ಕೊ."

ಶಿಯೊರಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಹುಲ್ಲಿನ ಟೋಪಿ ಹಾಕ್ಕೊಂಡಿರೋರು ಮೆಲ್ಬೋರ್ನಿನ ಪ್ರವಾಸ ಕಂಪನಿಯೋರು. ಅವರಿಗೆ ಹಿಡಿಸಿದ್ರೆ ಶರತ್ಕಾಲ ಪೂರ್ತಿ ಜನ ಇಲ್ಲಿಗೇ ಬರ್ತಾರೆ. ಇಲ್ಲಾಂದ್ರೆ... ಪಕ್ಕದ ಕೊಲ್ಲಿಯಲ್ಲಿ ಹೊಸಾ ಗುಡಿಸಲು ಎದ್ದಿದೆ, ನೀವು ನೋಡಿರ್ತೀರಿ."

ನೋಡಿದ್ದರು. ಪ್ರವಾಸಿಗರು ಬಾರದಿದ್ದರೆ ಈ ಗುಡಿಸಲನ್ನು ಬೇಸಿಗೆ ಕಳೆದ ಮೇಲೆ ಕೆಡವುವುದೆಂದು ಮೀನುಗಾರರ ಸಂಘದ ಹಿರಿಯ ತಲೆ ಕೆರೆದುಕೊಳ್ಳುತ್ತ ಹೇಳಿ ಹೋಗಿದ್ದ. ಮುಳುಗುವ ಹೆಂಗಸರು ಇವರಿಬ್ಬರೇ ಉಳಿದ ಮೇಲೆ ಬೆಂಕಿ ಯಾರಿಗೆ ಉರಿಯಬೇಕು? ಮಿಸಾವೊಗಾದರೆ ಮನೆಯಲ್ಲಿ ಮಗ, ಸೊಸೆ, ಬಿಸಿನೀರು. ಗಂಡನೂ ಇಲ್ಲದ, ಮಕ್ಕಳೂ ಆಗದ ಹಾತ್ಸುಯೊಗೆ ಬೆಳಗಾದರೆ ಬಂದು ಊದುವ ಈ ಒಲೆ ಬಿಟ್ಟರೆ ಇನ್ನೊಂದಿಲ್ಲ. ಮೀನು ಆರಿಸುವ ಶೆಡ್ಡಿನವರು ಅವಳ ಕಿವಿ ನೋಡಿ, ಬಹಳ ವಿನಯದಿಂದ, ಕೆಲಸಕ್ಕೆ ಬೇಡವೆಂದಿದ್ದರು.

"ಏನೋ ಮಾತು ಅಂದ್ಯಲ್ಲ," ಎಂದಳು ಹಾತ್ಸುಯೊ, ಶಿಯೊರಿ ಹೋದ ಮೇಲೆ.

"ನೀರು ಕದಡಿದೆ. ಹುಷಾರು ಅಂತ."

ಮಿಸಾವೊ ಗಂಟನ್ನು ಮುಟ್ಟಿ ನೋಡಿಕೊಂಡಳು. ಹಣೆಯ ಮೇಲೆ ಬರುವಂತೆ ವಸ್ತ್ರದಲ್ಲಿ ನೇರಳೆ ದಾರದ ನಕ್ಷತ್ರವಿತ್ತು. ಹೊರಟ ಚುಕ್ಕೆಗೇ ಮರಳಿ ಬಂದು ಮುಗಿಯುವ ಒಂದೇ ಎಳೆ. ಅತ್ತೆ ತಾನೇ ಹೊಲಿದು ಕೊಟ್ಟದ್ದು. ಕೊಡುವಾಗ ಅವಳ ಗಲ್ಲ ಹಿಡಿದು ಹೇಳಿದ್ದಳು: "ಮೋಡದ ದಿನ ತಳದಲ್ಲಿ ನಿನ್ನ ಹಾಗೇ ಇರೋಳು ಒಬ್ಬಳು ಕಾಣಿಸ್ತಾಳೆ. ಇದೇ ಬಟ್ಟೆ, ಇದೇ ಮುಖ. ಅವಳು ಜೊತೆಮುಳುಗಿ. ನಕ್ಕೊಂಡು ಅವಾಬಿ ಕೊಡೋಕೆ ಬರ್ತಾಳೆ. ತಗೋಬೇಡ. ತಗೊಂಡೋಳು ಮೇಲೆ ಬಂದಿಲ್ಲ."

ಅತ್ತೆ ಯಾವುದಕ್ಕೂ ಹೆದರದವಳು. ಸುಂಟರಗಾಳಿಯ ಮಾರನೆಯ ದಿನವೂ ಮುಳುಗಿದವಳು. ಅವಳು ಹೆದರಿ ಹೇಳಿದ್ದು ಅದೊಂದೇ ಮಾತು.

*

ಉಪಾಯ ಹಾತ್ಸುಯೊಳದು. ಹತ್ತು ಸಲ ಮುಳುಗಿದರೂ ಅವಾಬಿ ಸಿಗದ ಕಾಲ ಬಂದಿದೆ. ಕಡಲು ಬಿಸಿಯಾಗಿ ತಳದ ಪಾಚಿಯೆಲ್ಲ ಬೋಳಾಗಿದೆ. ದೂರದಿಂದ ಬಂದವರು ಬರಿಗೈ ನೋಡಿಕೊಂಡು ಹೋಗುವುದೇ? ಹಾಗಾಗಿ ಜೆಟ್ಟಿಯ ಕೆಳಗೆ ಬಲೆಯ ಬುಟ್ಟಿಯಲ್ಲಿ ಒಂದು ಅವಾಬಿ ಸಾಕಿದ್ದರು. ದೋಣಿ ಬರುವ ಹೊತ್ತಿಗೆ ಹಾತ್ಸುಯೊ ಬಂಡೆಯ ಆಚೆ ಮಗ್ಗುಲಿಂದ ನೀರಿಗಿಳಿದು, ಅದನ್ನು ಒಂದು ಸಂದಿಗೆ ಅಂಟಿಸಿ ಹಿಂದಕ್ಕೆ ಹೋಗಿಬಿಡುತ್ತಿದ್ದಳು. ಮುಂಚೆಯೇ ಇಟ್ಟರೆ ಅದು ತೆವಳಿ ಕತ್ತಲ ಕಡೆಗೆ ಹೋಗುತ್ತದೆ. ಮೊದಲ ಸಲ ಹಾಗಾಗಿ ಇಬ್ಬರೂ ತಮ್ಮ ಅವಾಬಿಯನ್ನೇ ಹುಡುಕಿ ಸುಸ್ತಾಗಿದ್ದರು. ದೋಣಿ ನಡೆಸುವ ತೊಕುಜಿಗೆ ಇದು ಗೊತ್ತು. ಶಿಯೊರಿಗೆ ಗೊತ್ತಿತ್ತೋ ಇಲ್ಲವೋ. ಅವಳು ಕೇಳಿರಲಿಲ್ಲ, ಇವರು ಹೇಳಿರಲಿಲ್ಲ.

ಅದೇ ಅವಾಬಿಯನ್ನು ಮಿಸಾವೊ ವಸಂತ ಹುಟ್ಟಿದಾಗಿನಿಂದ ಮೇಲೆತ್ತುತ್ತಿದ್ದಳು. ಚಿಪ್ಪಿನ ಅಂಚಿನ ಮುಕ್ಕು ಕೂಡ ಅವಳಿಗೆ ಪರಿಚಯ.

ದೋಣಿ ಬಂಡೆಯ ಹತ್ತಿರ ನಿಂತಿತು. ಮೋಡ ಕವಿದು ಕಡಲು ಸತ್ತ ಸೀಸದ ಬಣ್ಣಕ್ಕೆ ತಿರುಗಿತ್ತು. ಬೆಲೆಬಾಳುವ ಮಳೆಯಂಗಿಗಳಲ್ಲಿ ಐದಾರು ಜನ. ಮುಂದೆ ಹುಲ್ಲಿನ ಟೋಪಿಯ ಹೆಂಗಸು, ಮಡಿಲಲ್ಲಿ ಕೈ ಕಟ್ಟಿ ಕುಳಿತವಳು, ಮಿಸಾವೊಳಷ್ಟೇ ವಯಸ್ಸು. ಮಿಸಾವೊ ತೇಲುವ ಮರದ ತೊಟ್ಟಿಯ ಪಕ್ಕ ನೀರಲ್ಲಿ ನಿಂತು ದೋಣಿಗೆ ತಲೆಬಾಗಿದಳು. ಎರಡು ಸಲ ಮುಳುಗಿ ಬರಿಗೈಲಿ ಏಳಬೇಕು, ಮೂರನೆಯ ಸಲ ಅವಾಬಿ. ಹಾಗೆ ಮಾಡಿದರೇ ಚೆಂದವೆಂದು ತೊಕುಜಿ ಹೇಳಿಕೊಟ್ಟಿದ್ದ.

ಮೂರನೆಯ ಸಲ ತಳಕ್ಕಿಳಿದಾಗ ಮೈಯಲ್ಲಿ ಬಿಸಿಯೆಂಬುದೇ ಉಳಿದಿರಲಿಲ್ಲ. ಬಂಡೆಯ ಸಂದಿಗೆ ಕೈ ಹಾಕಿದಳು. ಇರಲಿಲ್ಲ. ಪಕ್ಕಕ್ಕೆ ಹೊರಳಿದಳು.

ಕದಡಿದ ನೀರಿನಾಚೆ ಬಿಳಿ ಬಟ್ಟೆಯ ಹೆಂಗಸೊಬ್ಬಳು ನಿಂತಿದ್ದಳು. ಮುಖದ ತುಂಬ ಮುಳುಗುಗನ್ನಡಕದ ಗಾಜು, ಹಣೆಯ ಮೇಲೆ ನೇರಳೆ ನಕ್ಷತ್ರ. ಬಟ್ಟೆಯ ಅಂಚು ನಿಧಾನ ಏಳುತ್ತ ಬೀಳುತ್ತ ಇತ್ತು. ಎರಡೂ ಕೈ ಚಾಚಿ ಅವಳು ಅವಾಬಿಯನ್ನು ಮುಂದೆ ಹಿಡಿದಿದ್ದಳು. ಬಾಯಿಂದ ಒಂದೊಂದೇ ಗುಳ್ಳೆ ಮೇಲೇರುತ್ತಿತ್ತು, ನಗುತ್ತಿರುವಂತೆ.

ಮಿಸಾವೊ ಯೋಚಿಸಲಿಲ್ಲ. ಯೋಚಿಸಲು ಅಲ್ಲಿ ಉಸಿರೂ ಇರಲಿಲ್ಲ. ಕೈಯನ್ನು ಬೆನ್ನ ಹಿಂದಕ್ಕೆಳೆದುಕೊಂಡಳು, ಬಂಡೆಯನ್ನು ಒದ್ದಳು, ಬೆಳಕಿದ್ದ ಕಡೆಗೆ ಹೊರಟಳು.

ಮೇಲೆ ಬಂದಾಗ ಎದೆಯಿಂದ ಸಿಳ್ಳೆ ಹೊರಟಿತು. ಕಟ್ಟಿದ ಉಸಿರನ್ನು ತುಟಿಯ ಸಂದಿಯಿಂದ ಬಿಡುವಾಗ ಬರುವ ಸಿಳ್ಳೆ ಅದು. ಹೆಂಗಸರು ಊದುವುದಲ್ಲ, ತಾನಾಗಿ ಆಗುವುದು. ಇಷ್ಟು ದಿನ ಪ್ರವಾಸಿಗರಿಗೆಂದು ಸ್ವಲ್ಪ ಸೇರಿಸಿ ಊದುತ್ತಿದ್ದಳು. ಇವತ್ತಿನದು ಉದ್ದವಾಗಿ, ಒಡೆದು, ಕೊನೆಗೆ ನಾಯಿಮರಿಯ ಕುಂಯ್‌ಗುಟ್ಟುವಿಕೆಯಾಗಿ ಮುಗಿಯಿತು.

"ಸಿಗ್ಲಿಲ್ವೇನಮ್ಮಾ?" ಎಂದು ಶಿಯೊರಿ ಬಾಗಿ ಕೇಳಿದಳು. ಮುಖದಲ್ಲಿ ನಗುವಿತ್ತು. ದೋಣಿಯ ಅಂಚು ಹಿಡಿದ ಬೆರಳುಗಳು ಬಿಳುಚಿದ್ದವು.

ಮಿಸಾವೊ ತೊಟ್ಟಿಗೆ ಗಲ್ಲವಿಟ್ಟಳು. ಬಂಡೆಯ ಆಚೆ ಮಗ್ಗುಲಿಂದ ಇನ್ನೊಂದು ಸಿಳ್ಳೆ ಕೇಳಿಸಿತು. ಸಣ್ಣದು, ಅಡಗಿಸಿಕೊಂಡದ್ದು. ಆಗ ಅವಳಿಗೆ ತಿಳಿಯಿತು. ಎಂದಿನಂತೆ ರಬ್ಬರ್ ಅಂಗಿ ತೊಟ್ಟರೆ ಬಿಚ್ಚಲು ಇನ್ನೊಬ್ಬರು ಬೇಕು, ಅತಿಥಿಗಳು ಗುಡಿಸಲಿಗೆ ಬರುವಷ್ಟರಲ್ಲಿ ಬಿಳಿಯುಟ್ಟು ಒಲೆಯ ಮುಂದೆ ಕೂರಬೇಕು, ಅದಕ್ಕೇ ಇವತ್ತು ಹಾತ್ಸುಯೊ ಬಿಳಿಯಲ್ಲೇ, ತಾಯಿ ಹೊಲಿದುಕೊಟ್ಟ ತನ್ನ ನಕ್ಷತ್ರದ ವಸ್ತ್ರ ಕಟ್ಟಿಕೊಂಡೇ ಇಳಿದಿದ್ದಳು. ಅಲೆಯ ಎಳೆತಕ್ಕೆ ಅವಾಬಿ ಬಂಡೆಗೆ ಅಂಟದೆ, ಕೈಯಲ್ಲೇ ಹಿಡಿದು ಕಾದಿದ್ದಳು. ಆ ಕಿವಿಯಿಟ್ಟುಕೊಂಡು, ಆ ಒತ್ತಡದಲ್ಲಿ.

ಹುಲ್ಲಿನ ಟೋಪಿಯ ಹೆಂಗಸು ಏನೋ ಹೇಳಿದಳು. ಶಿಯೊರಿ ತಿಳಿಸಿದಳು, "ದಣಿದಿದ್ರೆ ಬೇಡ ಅಂತಿದಾರೆ, ಪರವಾಗಿಲ್ಲ ಅಂತ." ಆಮೇಲೆ ತನ್ನದೇ ಮಾತಾಗಿ, ಮೆಲ್ಲಗೆ, "ಅಮ್ಮಾ, ಇನ್ನೊಂದೇ ಒಂದ್ಸಲ ಆಗತ್ತಾ?"

ಚುಕ್ಕಾಣಿಯ ಬಳಿ ತೊಕುಜಿ ಮಂಕಾಗಿ ನಿಂತ ಕಡಲನ್ನೇ ನೋಡುತ್ತ ಗೊಣಗಿದ, "ಆಚೆ ಇರೋಳು ಇನ್ನೂ ಹತ್ತಿಲ್ಲ ಮಿಸಾವೊ. ಕಾಯ್ತಾವ್ಳೆ."

ಕಾಯುತ್ತಾಳೆ. ಇವಳು ಮತ್ತೆ ಇಳಿದು ತೆಗೆದುಕೊಳ್ಳುವವರೆಗೂ ಅವಳು ಕಾಯುವವಳೇ. ಮಿಸಾವೊ ತೊಟ್ಟಿಯನ್ನು ಬಿಟ್ಟಳು, ಉಸಿರು ತುಂಬಿಕೊಂಡಳು, ತಲೆ ಕೆಳಗೆ ಮಾಡಿದಳು.

ಅವಳು ಅಲ್ಲೇ ಇದ್ದಳು, ಅದೇ ಜಾಗದಲ್ಲಿ, ಅದೇ ರೀತಿ ಕೈ ಚಾಚಿ. ಹಾತ್ಸುಯೊ ಎಂದು ಗೊತ್ತಿದ್ದೂ ಮಿಸಾವೊಳ ಕೈ ಅರ್ಧಕ್ಕೆ ನಿಂತಿತು. ಗಾಜಿನೊಳಗೆ ಒಂದು ಕಣ್ಣು ನೋವಿಗೆ ಕಿರಿದಾಗಿತ್ತು. ಮಿಸಾವೊ ಅವಾಬಿಯನ್ನು ತೆಗೆದುಕೊಂಡಳು. ಬೆರಳಿಗೆ ಬೆರಳು ತಗುಲಿತು. ಅವು ಬಂಡೆಯಷ್ಟೇ ತಣ್ಣಗಿದ್ದವು.

ಅವಳು ಅದನ್ನು ನೀರಿನ ಮೇಲೆ ಎತ್ತಿ ಹಿಡಿದಾಗ ದೋಣಿಯಲ್ಲಿ ಚಪ್ಪಾಳೆ ಎದ್ದಿತು. ಸಿಳ್ಳೆ ಬರಲಿಲ್ಲ. ಯಾರೂ ಗಮನಿಸಲಿಲ್ಲ.

*

ಗುಡಿಸಲಲ್ಲಿ ಅತಿಥಿಗಳು ಬೆಂಕಿಯ ಸುತ್ತ ಕಾಲು ಚಾಚಲೂ ಬಾರದೆ ಮಡಚಲೂ ಬಾರದೆ ಕೂತಿದ್ದರು. ಹಾತ್ಸುಯೊ ಅವರ ಮುಂದೆ ಕಡಲ ಶಂಖಗಳನ್ನೂ ಸಿಹಿಗೆಣಸನ್ನೂ ಸುಡುತ್ತಿದ್ದಳು. ತಲೆಯ ವಸ್ತ್ರವನ್ನು ಕಿವಿಯ ಮೇಲೆ ಎಳೆದು ಕಟ್ಟಿಕೊಂಡಿದ್ದಳು. ಸುಡಲು ಪೇಟೆಯಿಂದ ತಂದ ಅವಾಬಿಗಳು ಬೇರೆ ಇದ್ದವು. ಮಿಸಾವೊ ಎತ್ತಿ ತಂದದ್ದನ್ನು ಯಾರೂ ಕೇಳದ ಹಾಗೆ ಬಾಗಿಲ ಬಳಿಯ ಬಕೆಟ್ಟಿಗೆ ಹಾಕಿ ಒದ್ದೆ ಬಟ್ಟೆ ಮುಚ್ಚಿದ್ದರು.

"ನನ್ನ ಅಲ್ಲಿ ಬಿಟ್ಟು ಓಡ್ಹೋದ್ಯಲ್ಲೇ," ಎಂದು ಹಾತ್ಸುಯೊ ಕೆಂಡ ಸರಿಸುತ್ತ ಪಿಸುಗುಟ್ಟಿದಳು. ಕಿವಿ ಕೇಳದವರ ಪಿಸುಮಾತು, ಗುಡಿಸಲಿಗೆಲ್ಲ ಕೇಳಿಸಿತು. "ಅತ್ತಿಗೆ ಅಲ್ಲ, ಏಡಿ ನೀನು."

"ನೀನು ಅಂತ ಅನ್ನಿಸ್ಲಿಲ್ಲ."

"ಮತ್ತೆ ಯಾರು ಅನ್ಕೊಂಡೆ?"

ಮಿಸಾವೊ ಹಣೆಯ ನಕ್ಷತ್ರವನ್ನು ಮುಟ್ಟಿ ತೋರಿಸಿದಳು. ಹಾತ್ಸುಯೊಳ ಕೈಯ ಇಕ್ಕಳ ನಿಂತಿತು. ಅದೇ ತಾಯಿಯ ಮಗಳು ಅವಳು. ಅದೇ ಮಾತು ಕೇಳಿ ಬೆಳೆದವಳು. ಅವಳು ಒಂದು ಗೆಣಸನ್ನು ಅನಾವಶ್ಯಕವಾಗಿ ಮಗುಚಿ ಹಾಕಿದಳು.

ಹುಲ್ಲಿನ ಟೋಪಿಯ ಹೆಂಗಸು ಅದೆಲ್ಲವನ್ನೂ ನೋಡುತ್ತಿದ್ದಳು. "ಆ ನಕ್ಷತ್ರ ಯಾಕೆ ಅಂತ ಕೇಳ್ತಿದಾರೆ," ಎಂದಳು ಶಿಯೊರಿ.

"ಹೋದೋಳು ಹೊರಟ ಜಾಗಕ್ಕೇ ವಾಪಸ್ ಬರ್ಲಿ ಅಂತ," ಎಂದಳು ಮಿಸಾವೊ.

"ಯಾವುದರಿಂದ ಕಾಪಾಡತ್ತೆ ಅಂತಿದಾರೆ."

"ಪುಕ್ಕಟೆ ಸಿಗೋದ್ರಿಂದ," ಎಂದಳು ಹಾತ್ಸುಯೊ.

ಶಿಯೊರಿ ಒಂದು ಗಳಿಗೆ ಇಬ್ಬರ ಮುಖವನ್ನೂ ನೋಡಿದಳು. ಆಮೇಲೆ ಅತಿಥಿಯ ಕಡೆ ತಿರುಗಿ, ಬೇರೇನೋ, ಚುಟುಕಾಗಿ, ಸಿಹಿಯಾಗಿ ಹೇಳಿದಳು. ಟೋಪಿಯ ಹೆಂಗಸು ತಲೆಯಾಡಿಸಿ ಮಿಸಾವೊಳ ಕೈ ಹಿಡಿದುಕೊಂಡಳು. ಆ ಕೈ ಬೆಚ್ಚಗಿತ್ತು. ಮಿಸಾವೊಗೆ ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಹೊರಡುವಾಗ ಶಿಯೊರಿ ಹಿಂದುಳಿದಳು. "ಒಪ್ಪಿದಾರೆ ಅಮ್ಮಾ. ಶರತ್ಕಾಲ ಪೂರ್ತಿ. ಮೂರನೇ ಸಲದ ಆ ಸಿಳ್ಳೆ ಕೇಳಿ ಅವರಿಗೆ ಕಣ್ಣಲ್ಲಿ ನೀರು ಬಂತಂತೆ. ಹಾಗೇ ಇರ್ಲಿ, ಪ್ರತಿ ಸಲ ಹಾಗೇ ಇರ್ಲಿ ಅಂದ್ರು." ಸೊಂಟ ಮುರಿಯುವಷ್ಟು ಬಾಗಿದಳು. ಹಾತ್ಸುಯೊ ಅವಳಿಗಿಂತ ಕೆಳಗೆ ಬಾಗಿದಳು. ಮಿಸಾವೊ ಇಬ್ಬರನ್ನೂ ನೋಡಿ ತಾನೂ ಬಾಗಿದಳು.

ಕಾರುಗಳು ತಿರುವಿನಲ್ಲಿ ಮರೆಯಾಗುವವರೆಗೂ ಇಬ್ಬರೂ ರಸ್ತೆಯಂಚಿನಲ್ಲಿ ನಿಂತು ಕೈ ಬೀಸಿದರು. ಹಾತ್ಸುಯೊ ಒಳಗೆ ಹೋಗಿ ಒಲೆಗೆ ಇನ್ನೊಂದು ಕೊರಡು ಹಾಕಿದ ಸದ್ದು ಕೇಳಿಸಿತು, ಹಿಂದೆಯೇ ಯಾವುದೋ ಹಳೆಯ ಹಾಡಿನ ಅರ್ಧ ಸಾಲು, ರಾಗ ತಪ್ಪಿ.

ಬೆಳಗ್ಗೆ ಕೂಡಿಸಿಟ್ಟ ಮಾತನ್ನು ಹೇಳದೆಯೇ ಮಿಸಾವೊ ಬಕೆಟ್ಟು ಎತ್ತಿಕೊಂಡು ಜೆಟ್ಟಿಯ ಮೆಟ್ಟಿಲಿಳಿದಳು. ಕೊನೆಯ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕುಳಿತು ಬಲೆಯ ಬುಟ್ಟಿಯನ್ನು ಹತ್ತಿರಕ್ಕೆಳೆದಳು, ಅವಾಬಿಯನ್ನು ಅಂಗೈಮೇಲಿಟ್ಟುಕೊಂಡು ನೀರಿಗಿಳಿಸಿದಳು. ಅದು ಜಾರಲಿಲ್ಲ. ಮಾಂಸದ ತಳವನ್ನೆಲ್ಲ ಒತ್ತಿ ಅಂಗೈಗೆ ಕಚ್ಚಿಕೊಂಡಿತ್ತು. ಕೈ ಕೊಡವಿದಳು, ಬಿಡಲಿಲ್ಲ. ಮೀಟುಗೋಲು ಮೇಲೆ ಗುಡಿಸಲಲ್ಲಿತ್ತು.

ಎಳೆದರೆ ಇನ್ನೂ ಬಿಗಿಯುತ್ತದೆ. ಅವಳು ಎಳೆಯಲಿಲ್ಲ. ಮೊಣಕೈವರೆಗೂ ನೀರಲ್ಲಿ ಕೈ ಬಿಟ್ಟುಕೊಂಡು, ಮೋಡ ಇಳಿದು ಬಂದ ಕಡಲಿಗೆ ಮುಖ ಮಾಡಿ, ಅದು ತಾನಾಗಿ ಸಡಿಲಿಸುವುದನ್ನು ಕಾಯುತ್ತ ಕುಳಿತಳು.