ಅನುಸೂಯಮ್ಮನ ಫೋನಿಗೆ ಬಂದ ಮಗು

ಮಧುರೆ ಎಂಬ ಹಳ್ಳಿಯ ಅನುಸೂಯಮ್ಮನ ಹಳೆಯ ಫೋನು ದಿನಾ ಒಂದೇ ರಾಗ ಹಾಡುತ್ತಿತ್ತು: ಜಾಗ ಇಲ್ಲ, ಜಾಗ ಇಲ್ಲ. ಒಂದು ಫೋಟೊ ತೆಗೆಯಬೇಕೆಂದರೆ ನಾಲ್ಕು ಅಳಿಸಬೇಕು. ಕೊನೆಗೆ ದೊಡ್ಡಬಳ್ಳಾಪುರದ ಒಂದು ಅಂಗಡಿಯಲ್ಲಿ ಅದನ್ನು ಕೊಟ್ಟು ಹೊಸದು ತಂದರು. ಅಂಗಡಿಯವನು ಏನೇನೋ ಒತ್ತಿ, ಹಳೆಯ ಫೋಟೊಗಳನ್ನೆಲ್ಲ ಹೊಸ ಫೋನಿನಲ್ಲಿ ತೋರಿಸಿದ.

"ಎಲ್ಲಾ ಕ್ಲೌಡಲ್ಲಿತ್ತು ಅಮ್ಮ. ಕ್ಲೌಡ್ ಅಂದ್ರೆ ಮೋಡ" ಅಂದ.

ಅನುಸೂಯಮ್ಮ ಹೊರಗೆ ಬಂದು ಆಕಾಶ ನೋಡಿದರು. ಒಂದು ಮೋಡವೂ ಇರಲಿಲ್ಲ.

ತಿಂಗಳು ಕಳೆದಿರಬೇಕು. ಡೇರಿಗೆ ಹಾಲು ಹಾಕಿ ಬಂದು, ಮೊಮ್ಮಗಳ ಫೋಟೊ ನೋಡೋಣವೆಂದು ಫೋನು ತೆರೆದವರು ಹೌಹಾರಿದರು. ಗುರುತೇ ಇಲ್ಲದ ಒಂದು ಹಸುಗೂಸು, ಮೈತುಂಬ ಎಣ್ಣೆ ಹಚ್ಚಿಸಿಕೊಂಡು ಅಳುತ್ತಿದೆ! ಅದರ ಕೆಳಗೆ ಯಾರದೋ ಅಡುಗೆಮನೆ. ಆಮೇಲೆ ಕನ್ನಡಿ ಮುಂದೆ ಮೀಸೆ ತಿರುವುತ್ತಿರುವ ಒಬ್ಬ ಗಂಡಸು.

"ಏನ್ರೀ, ಬನ್ನಿ ಇಲ್ಲಿ! ನನ್ ಫೋನೊಳಗೆ ಯಾರ್ಯಾರೋ ಸೇರ್ಕೊಂಡವ್ರೆ!"

ಗಂಡ ಆವಲಪ್ಪ ಕನ್ನಡಕ ಏರಿಸಿಕೊಂಡು ನೋಡಿದರು. "ಯಾರೋ ತಪ್ಪಿ ಕಳ್ಸಿರ್ಬೇಕು. ಅಳಿಸಾಕು ಅತ್ಲಾಗೆ."

"ಯಾರೂ ಕಳ್ಸಿಲ್ಲ ಕಣ್ರೀ. ನಾನೇ ತೆಗ್ದಂಗೈತೆ. ನೋಡಿ, ಇವತ್ತಿನ ತಾರೀಕು!"

ಅಳಿಸಲು ಬೆರಳು ಹೋಯಿತು. ಆದರೆ ಆ ಮಗುವಿನ ಮುಖ ನೋಡಿ ಮನಸ್ಸು ಬರಲಿಲ್ಲ. ನೇರವಾಗಿ ಪಂಚಾಯಿತಿ ಗ್ರಂಥಾಲಯಕ್ಕೆ ನಡೆದರು. ಊರಿನವರ ಫೋನಿನ ತೊಡಕುಗಳನ್ನು ಬಿಡಿಸಿಕೊಡುವವಳು ಅಲ್ಲಿಯ ಮೇಲ್ವಿಚಾರಕಿ ಪವಿತ್ರ. ಗೊಣಗುತ್ತಲೇ ಆವಲಪ್ಪನೂ ಹಿಂದೆ ಬಂದರು.

ಪವಿತ್ರ ಫೋಟೊ ನೋಡಿ ಕೇಳಿದಳು, "ದೊಡ್ಡಮ್ಮ, ಹಳೇ ಫೋನ್ ಕೊಡುವಾಗ ಅದರಲ್ಲಿದ್ದ ನಿಮ್ಮ ಅಕೌಂಟ್ ತೆಗ್ಸಿದ್ರಾ?"

"ಸಿಮ್ ತೆಗ್ದೆ ಕಣಮ್ಮ."

"ಸಿಮ್ ತೆಗೆದ್ರೆ ಸಾಲದು. ಕ್ಲೌಡ್ ಅಂದ್ರೆ ಮಳೆ ಮೋಡ ಅಲ್ಲ, ಎಲ್ಲೋ ದೂರದಲ್ಲಿರೋ ದೊಡ್ಡ ದೊಡ್ಡ ಕಂಪ್ಯೂಟರುಗಳು. ಅದರಲ್ಲಿ ನಿಮ್ಮ ಹೆಸರಲ್ಲೊಂದು ಬೀರು ಇದೆ ಅಂದ್ಕೊಳ್ಳಿ. ಅದರ ಬೀಗದ ಕೈನ ಹಳೇ ಫೋನಲ್ಲೇ ಬಿಟ್ಟು ಕೊಟ್ಬಿಟ್ಟಿದ್ದೀರಿ. ಆ ಫೋನ್ ಕೊಂಡ್ಕೊಂಡೋರು ತೆಗ್ದ ಫೋಟೊ ಎಲ್ಲಾ ನಿಮ್ಮ ಬೀರುಗೆ ಬಂದು ಬೀಳ್ತಿದೆ."

ಆವಲಪ್ಪ ನಕ್ಕರು. "ಅವ್ರದು ನಮಗೆ ಕಾಣ್ತೈತೆ. ನಮಗೇನವ್ವ ನಷ್ಟ?"

"ದೊಡ್ಡಪ್ಪ, ಅವರದು ನಿಮಗೆ ಕಂಡ್ರೆ, ನಿಮ್ದೂ ಅವರಿಗೆ ಕಾಣ್ತಿರತ್ತೆ."

ಅನುಸೂಯಮ್ಮ ಒಂದೊಂದೇ ನೆನೆಸಿಕೊಂಡರು. ಆಧಾರ್, ಪಹಣಿ, ಪಾಸ್‌ಬುಕ್ಕು, ಎಲ್ಲದರ ಫೋಟೊ ಅದರಲ್ಲಿತ್ತು. ಅವರಿಗೆ ದಿಗಿಲಾದದ್ದು ಅದಕ್ಕಲ್ಲ. ಹೋದ ವರ್ಷ ಎದೆಯಲ್ಲಿನ ಗಂಟು ತೆಗೆಸಿಕೊಂಡಾಗ, ಹೊಲಿಗೆಯಲ್ಲಿ ಕೀವಾಗಿದೆಯೇನೋ ಎಂದು ಡಾಕ್ಟರಮ್ಮನಿಗೆ ಕಳಿಸಲು ಸೊಸೆ ಆ ಹಳೆಯ ಫೋನಿನಲ್ಲೇ ಒಂದು ಫೋಟೊ ತೆಗೆದಿದ್ದಳು. ಆ ಗಾಯವನ್ನು ಅನುಸೂಯಮ್ಮ ಗಂಡನಿಗೂ ತೋರಿಸಿರಲಿಲ್ಲ. ಈಗ ಅದು ಯಾರ ಕೈಯಲ್ಲಿದೆಯೋ! ಪವಿತ್ರಳ ಕೈ ಹಿಡಿದುಕೊಂಡರು.

"ಬಿಡಿಸು ತಾಯಿ, ಈಗಿಂದೀಗ್ಲೇ ಬಿಡಿಸು."

ಪವಿತ್ರ ಹೊಸ ಫೋನಿನಿಂದಲೇ ಹಳೆಯ ಫೋನನ್ನು ಅಕೌಂಟಿನಿಂದ ಹೊರಗೆ ಹಾಕಿದಳು. ಪಾಸ್‌ವರ್ಡನ್ನೂ ಬದಲಾಯಿಸಿದಳು. "ಆದ್ರೆ ಆ ಫೋನೊಳಗೇ ಉಳಿದಿರೋ ಫೋಟೊ ಅಳ್ಸೋಕೆ ಫೋನೇ ನಮ್ಮ ಕೈಗೆ ಬರ್ಬೇಕು. ಅವರ ಮಗು ಫೋಟೊನೂ ಅವರಿಗೆ ವಾಪಸ್ ಕೊಡ್ಬೇಕಲ್ವಾ?"

ಬಂದ ಫೋಟೊಗಳಲ್ಲಿ ಮಗುವಿನ ಲಸಿಕೆಯ ಕಾರ್ಡಿನದೂ ಒಂದಿತ್ತು. ತಾಯಿಯ ಹೆಸರು ಚೈತ್ರ, ಊರು ದೊಡ್ಡಬಳ್ಳಾಪುರ, ಕೆಳಗೆ ಮೊಬೈಲ್ ನಂಬರು. ಅನುಸೂಯಮ್ಮ ತಾವೇ ಫೋನು ಮಾಡಿ, ತಮಗೆ ತಿಳಿದಂತೆ ವಿಷಯ ಹೇಳಿದರು.

"ಅಯ್ಯೋ ದೇವ್ರೇ! ನನ್ ಮಗು ಫೋಟೊ ನಿಮ್ಮತ್ರ ಇದ್ಯಾ?" ಆ ಹೆಣ್ಣುಮಗಳ ದನಿ ಅದುರಿತು. ಆಮೇಲೆ ಅವಳೇ ಮುಂದುವರಿಸಿದಳು.

"ನಿಮ್ಮ ಫೋಟೊಗಳೂ ಇದರಲ್ಲಿದ್ವು ಅಮ್ಮ. ಫೋನ್ ಜೊತೆಗೇ ಬಂದಿವೆ ಅಂದ್ಕೊಂಡೆ. ಯಾರಿಗೂ ತೋರಿಸ್ಲಿಲ್ಲ, ನಮ್ಮನೆಯವ್ರಿಗೂ." ಮತ್ತೆ ಮೆಲ್ಲಗೆ ಕೇಳಿದಳು, "ಅಮ್ಮಾ, ಹೊಲಿಗೆ ವಾಸಿ ಆಯ್ತಾ?"

ಅನುಸೂಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಆಯ್ತು ಕಣವ್ವ" ಅಂದು, ಶನಿವಾರ ಫೋನು ತೆಗೆದುಕೊಂಡು ಮಧುರೆಗೆ ಬರಲು ಹೇಳಿದರು.

ಶನಿವಾರ ಚೈತ್ರ ಮಗುವನ್ನೆತ್ತಿಕೊಂಡು ಬಸ್ಸಿಳಿದಳು. ಪವಿತ್ರ ಅವಳ ಫೋಟೊಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು, ಫೋನನ್ನು ಪೂರ್ತಿ ಅಳಿಸಿ, ಅವಳದೇ ಹೆಸರಿನಲ್ಲಿ ಹೊಸ ಅಕೌಂಟು ಮಾಡಿಕೊಟ್ಟಳು. ಅಷ್ಟು ಹೊತ್ತೂ ಮಗು ಅನುಸೂಯಮ್ಮನ ಮಡಿಲಲ್ಲಿ ನಿದ್ದೆ ಹೋಗಿತ್ತು. ಆವಲಪ್ಪ ಜೇಬಿನಿಂದ ತಮ್ಮದೊಂದು ಹಳೆಯ ಫೋನು ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ನಮ್ ತಮ್ಮಂಗೆ ಕೊಡಣಾಂತಿದ್ದೆ. ಮೊದ್ಲು ನೀನೊಂದ್ಸಲ ನೋಡ್ಬಿಡವ್ವ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಳೆಯ ಫೋನನ್ನು ಅಂಗಡಿಗೇ ಕೊಡಿ, ನೆಂಟರಿಗೇ ಕೊಡಿ, ಕೊಡುವ ಮೊದಲು ಬೇಕಾದ ಫೋಟೊಗಳನ್ನು ಉಳಿಸಿಕೊಂಡು, ಅಕೌಂಟು ತೆಗೆಸಿ, ಫೋನನ್ನು ಪೂರ್ತಿ ಅಳಿಸಿ, ಅಂದರೆ ರೀಸೆಟ್ ಮಾಡಿಸಿ. ಅದನ್ನು ನಿಮ್ಮ ಕಣ್ಣೆದುರೇ ಮಾಡಿಸಿ. ಆಗಲೇ ಕೊಟ್ಟುಬಿಟ್ಟಿದ್ದರೆ ಇವತ್ತೇ ತಿಳಿದವರ ಹತ್ತಿರ ಹೋಗಿ ಆ ಫೋನನ್ನು ನಿಮ್ಮ ಅಕೌಂಟಿನಿಂದ ತೆಗೆಸಿ, ಪಾಸ್‌ವರ್ಡು ಬದಲಾಯಿಸಿ. ನನಗೆ ಗೊತ್ತಿಲ್ಲ ಎಂದು ಹೇಳಿ ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಅನುಸೂಯಮ್ಮನ ಫೋನು ಸಿಕ್ಕಿದ್ದು ಚೈತ್ರಳಂಥವಳ ಕೈಗೆ. ನಿಮ್ಮದು ಯಾರ ಕೈ ಸೇರುತ್ತದೋ, ಯಾರಿಗೆ ಗೊತ್ತು?